ಗುಮಾಸ್ತ ಚಕ್ರವರ್ತಿಯ ಊರಿನಲ್ಲಿ

ಸೋಮವಾರ, ಹೋಫ್‌ಬುರ್ಗ್

ವಿಯೆನ್ನಾದಲ್ಲಿ ಎತ್ತ ತಿರುಗಿದರೂ ಒಬ್ಬ ಹೆಂಗಸಿನ ಮುಖ. ಚಾಕೊಲೇಟ್ ಡಬ್ಬಿಯ ಮೇಲೆ, ಕೊಡೆಯ ಮೇಲೆ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆಯ ಮೇಲೆ. ಉದ್ದ ಕೂದಲಿಗೆ ವಜ್ರದ ನಕ್ಷತ್ರ ಮುಡಿದುಕೊಂಡ ಮಹಾರಾಣಿ ಎಲಿಜಬೆತ್, ಊರವರ ಬಾಯಲ್ಲಿ ಸಿಸಿ. ಅವಳ ಗಂಡ ಫ್ರಾನ್ಸ್ ಯೋಸೆಫ್ 1848ರಿಂದ 1916ರವರೆಗೆ, ಹತ್ತಿರಹತ್ತಿರ 68 ವರ್ಷ, ಆಸ್ಟ್ರಿಯಾದ ಸಾಮ್ರಾಜ್ಯ ಆಳಿದವನು. ಅಂಗಡಿಗಳಲ್ಲಿ ಅವನ ಬಿಳಿ ಕೆನ್ನೆಗಡ್ಡಕ್ಕೆ ಸಿಕ್ಕಿರುವುದು ಹಿಂದಿನ ಸಾಲು. ನಾನು ಬಂದದ್ದು ಅವನಿಗಾಗಿ. ಕಂದಾಯ ಇಲಾಖೆಗೆ ಟಪಾಲು ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಿದ್ದವನು ನಾನು. ಬೆಳಗಿನ ಜಾವಕ್ಕೆ ಎದ್ದು ಕಡತ ನೋಡುತ್ತಿದ್ದ ಚಕ್ರವರ್ತಿಯ ಬಗ್ಗೆ ಓದಿದಾಗಿನಿಂದ ಅವನ ಮೇಲೆ ಒಂದು ಮಮತೆ. ನನ್ನಾಕೆ ಸಿಸಿಯ ಕಡೆಯವಳು. ಮಗಳು, ಅಳಿಯ ಇರುವುದು ಇದೇ ಊರಿನಲ್ಲಿ. ಹಾಗಾಗಿ ವಸತಿಯ ಚಿಂತೆಯಿಲ್ಲ.

ಹೋಫ್‌ಬುರ್ಗ್ ಒಂದೇ ಅರಮನೆಯಲ್ಲ. ಮಧ್ಯಯುಗದಿಂದ ಶುರುವಾಗಿ ಒಬ್ಬೊಬ್ಬ ದೊರೆ ಒಂದೊಂದು ಪಾರ್ಶ್ವ ಸೇರಿಸುತ್ತ ಹೋದದ್ದು. ಹತ್ತೊಂಬತ್ತನೆಯ ಶತಮಾನದ ಕೋಣೆಗಳಿಗೆ ಹೋಗಬೇಕಾದರೆ ಮೊದಲು ಸಿಸಿ ಮ್ಯೂಸಿಯಂ ದಾಟಬೇಕು. ಅಲ್ಲಿ ಕತ್ತಲು, ಮಂದ ಬೆಳಕು, ಗಾಜಿನೊಳಗೆ ಉಡುಪು, ಬೀಸಣಿಗೆ. ನನ್ನಾಕೆ ಒಂದೊಂದು ಗಾಜಿನ ಮುಂದೂ ನಿಂತಳು. ನಾನು ಮುಂದೆ ಹೋಗಿ ಕಾಯುವ ಕೋಣೆಯಲ್ಲಿ ಕೂತೆ. ಕಾಯುವ ಕೋಣೆ ಎಂದರೆ ನಿಜಕ್ಕೂ ಅದೇ: ಚಕ್ರವರ್ತಿಯ ಭೇಟಿಗೆ ಬಂದವರು ಸರದಿ ಕಾಯುತ್ತಿದ್ದ ಜಾಗ.

ವಾರಕ್ಕೆರಡು ದಿನ ಅವನು ಪ್ರಜೆಗಳ ಅಹವಾಲು ಕೇಳುತ್ತಿದ್ದ. ಒಂದು ಬೆಳಿಗ್ಗೆಗೆ ನೂರು ಜನರವರೆಗೂ ಬರುತ್ತಿದ್ದರು. ಹುದ್ದೆ ಸಿಕ್ಕಿದ್ದಕ್ಕೆ, ಪದಕ ಬಂದದ್ದಕ್ಕೆ ಕೃತಜ್ಞತೆ ಹೇಳುವವರು, ಜೈಲಿನಲ್ಲಿದ್ದವರ ಪರವಾಗಿ ಕ್ಷಮೆ ಬೇಡುವವರು, ಅರ್ಜಿ ಹಿಡಿದವರು. ಒಳಗೆ ಅವನು ಎತ್ತರದ ಒಂದು ಮೇಜಿನ ಪಕ್ಕ ನಿಂತೇ ಇರುತ್ತಿದ್ದ, ಯಾರಿಗೂ ಕುರ್ಚಿಯಿಲ್ಲ. ಆ ಮೇಜಿನ ಮೇಲೆ 1910ರ ಜನವರಿ 3ರ ಭೇಟಿಯ ಪಟ್ಟಿಯನ್ನು ಹಾಗೇ ಇಟ್ಟಿದ್ದಾರೆ. ಆಗ ಅವನಿಗೆ 79 ವರ್ಷ. ಮಾತು ಕೆಲವೇ ನಿಮಿಷ. ದೊರೆ ತಲೆಯನ್ನು ತುಸು ಬಾಗಿಸಿದನೆಂದರೆ ಮುಗಿಯಿತು, ಬಂದವನು ಬೆನ್ನು ತೋರಿಸದೆ ಹೊರಡಬೇಕು. ನನಗೆ ಇದು ಆಡಂಬರ ಅನ್ನಿಸಲಿಲ್ಲ. ಐದು ಕೋಟಿಗೆ ಹತ್ತಿರದ ಜನರಿದ್ದ ದೇಶದ ತಲೆಯಾಳು ವಾರಕ್ಕೆರಡು ಬಾರಿ ಯಾರೋ ಊರಿನ ಯಾರನ್ನೋ ಮುಖಾಮುಖಿ ನೋಡುತ್ತಿದ್ದ ಎನ್ನುವುದು ಸಣ್ಣ ಸಂಗತಿಯಲ್ಲ. ನಮ್ಮ ಎಷ್ಟೋ ಸಾಹೇಬರು ಅಷ್ಟೂ ಮಾಡಲಿಲ್ಲ.

ಪಕ್ಕದ್ದು ಅವನ ಬರೆಯುವ ಕೋಣೆ. ಸುಮಾರಾದ ಮೇಜು, ಎದುರಿಗೆ ಕೂದಲು ಬಿಚ್ಚಿ ನಿಂತ ಸಿಸಿಯ ಚಿತ್ರ, ವಿಂಟರ್‌ಹಾಲ್ಟರ್ ಬರೆದದ್ದು. ಅದರಾಚೆ ಮಲಗುವ ಕೋಣೆಯಲ್ಲಿ ಕಬ್ಬಿಣದ ಮಂಚ. ಬೆಳಗಿನ ಮೂರೂವರೆಗೆ ಏಳುವುದು, ತಣ್ಣೀರಲ್ಲಿ ಮೈ ತೊಳೆದು, ಮೊಣಕಾಲೂರಿ ಪ್ರಾರ್ಥಿಸಿ, ಐದಕ್ಕೆಲ್ಲ ಮೇಜಿನ ಮುಂದೆ ಕೂರುವುದು. ತಿಂಡಿ ಅಲ್ಲಿಗೇ ಬರುತ್ತಿತ್ತು, ಎಷ್ಟೋ ದಿನ ಮಧ್ಯಾಹ್ನದ ಊಟವೂ ಅಲ್ಲಿಗೇ.

ಹಿಂದಿನಿಂದ ಬಂದು ಸೇರಿದ ನನ್ನಾಕೆ ಮಂಚ ನೋಡಿ, “ಇಂಥವನ ಜೊತೆ ಆ ಹುಡುಗಿ ಹೇಗೆ ಬಾಳ್ವೆ ಮಾಡಬೇಕು ಹೇಳ್ರೀ” ಎಂದಳು. ಆಮೇಲೆ ತನ್ನಷ್ಟಕ್ಕೇ, “ನಿಮಗೆ ಗೊತ್ತಾಗಲ್ಲ ಬಿಡಿ” ಎಂದು ಮುಂದಿನ ಕೋಣೆಗೆ ನಡೆದಳು.

ಮುಂದಿನವು ಸಿಸಿಯ ಕೋಣೆಗಳು. ಬಾಗಿಲ ಚೌಕಟ್ಟಿಗೆ ವ್ಯಾಯಾಮದ ರಿಂಗುಗಳು, ಗೋಡೆಗೆ ಏಣಿ. 172 ಸೆಂಟಿಮೀಟರ್ ಎತ್ತರ, 50 ಕಿಲೋ ಮೀರದ ತೂಕ. ಅದನ್ನು ಉಳಿಸಿಕೊಳ್ಳಲು ಉಪವಾಸ, ಗಂಟೆಗಟ್ಟಲೆ ನಡಿಗೆ, ಕುದುರೆ ಸವಾರಿ. ಕಾಲಿನ ಹರಡು ಮುಟ್ಟುವ ಕೂದಲನ್ನು ತೊಳೆಯುವುದಕ್ಕೆ ಒಂದಿಡೀ ದಿನ ಮೀಸಲು. ಮೊಟ್ಟೆಯ ಹಳದಿ, ಕೋನ್ಯಾಕ್ ಬೆರೆಸಿದ ಮಿಶ್ರಣ ಹಚ್ಚುತ್ತಿದ್ದರು. ಆ ದಿನ ಯಾವ ಭೇಟಿಯೂ ಇಲ್ಲ. ನಿತ್ಯದ ತಲೆ ಬಾಚುವಿಕೆಗೆ ಎರಡು ಮೂರು ಗಂಟೆ. ಆ ಹೊತ್ತಿನಲ್ಲೇ ಗ್ರೀಕ್, ಹಂಗೇರಿ ಭಾಷೆಯ ಪಾಠ. ಈ ಕುಟುಂಬದಲ್ಲಿ ಮೊದಲ ಬಾರಿಗೆ ತೊಟ್ಟಿಯಿರುವ ಸ್ನಾನದ ಮನೆ ಮಾಡಿಸಿಕೊಂಡವಳೂ ಇವಳೇ, 1876ರಲ್ಲಿ. ಗಂಡನಿಗೆ ಕೊನೆಯವರೆಗೂ ಆಳುಗಳು ಹೊತ್ತು ತರುವ ತೊಟ್ಟಿಯೇ ಸಾಕಾಯಿತು.

ಸಂಜೆ ಒಪೆರಾ ಕಟ್ಟಡದ ಮುಂದೆ ಅಳಿಯ ಒಂದು ಕಥೆ ಹೇಳಿದ. ಇದನ್ನು ಕಟ್ಟುವಾಗ ಊರೆಲ್ಲ ಗೇಲಿ ಮಾಡಿತು. ಇಬ್ಬರು ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ ವಾನ್ ಡೆರ್ ನುಲ್ 1868ರಲ್ಲಿ ನೇಣು ಹಾಕಿಕೊಂಡ. ಮರುವರ್ಷ ಕಟ್ಟಡ ಉದ್ಘಾಟನೆಯಾಯಿತು. ತಾನೂ ಟೀಕಿಸಿದ್ದೆನಲ್ಲ ಎಂದು ನೊಂದ ಚಕ್ರವರ್ತಿ ಆಮೇಲೆ ಏನನ್ನು ನೋಡಿದರೂ “ತುಂಬ ಚೆನ್ನಾಗಿತ್ತು, ನನಗೆ ಬಹಳ ಸಂತೋಷವಾಯಿತು” ಎಂಬ ಒಂದೇ ಮಾತು ಹೇಳತೊಡಗಿದನಂತೆ. ಆ ಮಾತು ಅವನದೇ, ಸಂಶಯವಿಲ್ಲ. ಕಾರಣ ಊರು ಕಟ್ಟಿದ್ದಿರಬಹುದು.

ಮಂಗಳವಾರ, ಶೋನ್‌ಬ್ರುನ್

ಮೆಟ್ರೋ ಇಳಿದು ಐದು ನಿಮಿಷದ ನಡಿಗೆ. ಹಳದಿ ಬಣ್ಣದ ಬೇಸಿಗೆ ಅರಮನೆ, 1,441 ಕೋಣೆ, ನೋಡಲು ಬಿಡುವುದು ನಲವತ್ತು ಚಿಲ್ಲರೆ. ಬಸ್ಸುಗಟ್ಟಲೆ ಜನ. ಕನ್ನಡಿಗಳ ಹಾಲು, ಚೀನೀ ಕೋಣೆಗಳೆಲ್ಲ ಹದಿನೆಂಟನೆಯ ಶತಮಾನದಲ್ಲಿ ಆಳಿದ ಮರಿಯಾ ತೆರೇಸಾಳ ಕಾಲದವು, ಚೆಂದವಾಗಿಯೇ ಇವೆ. ಅವನ್ನು ಬೇಗ ದಾಟಿದೆವು.

ನಾನು ನಿಂತದ್ದು ನೆಪೋಲಿಯನ್ ಕೋಣೆಯಲ್ಲಿ. ವಿಯೆನ್ನಾವನ್ನು ಹಿಡಿದ 1805 ಮತ್ತು 1809ರಲ್ಲಿ ನೆಪೋಲಿಯನ್ ಬಿಡಾರ ಮಾಡಿದ್ದು ಈ ಅರಮನೆಯಲ್ಲಿ. ಮರುವರ್ಷವೇ ಸೋತ ಚಕ್ರವರ್ತಿ, ಫ್ರಾನ್ಸ್ ಯೋಸೆಫ್‌ನ ಅಜ್ಜ, ತನ್ನ ಮಗಳು ಮರಿ ಲೂಯಿಸಳನ್ನು ಗೆದ್ದವನಿಗೆ ಮದುವೆ ಮಾಡಿಕೊಟ್ಟ. ಹುಟ್ಟಿದ ಗಂಡುಮಗು ನೆಪೋಲಿಯನ್ ಬಿದ್ದ ಮೇಲೆ ಅಜ್ಜನ ಮನೆ ಸೇರಿತು. ತೊಟ್ಟಿಲಲ್ಲೇ ‘ರೋಮಿನ ರಾಜ’ ಎನಿಸಿಕೊಂಡಿದ್ದವನು ಇಲ್ಲಿ ರೈಷ್‌ಸ್ಟಾಟಿನ ಡ್ಯೂಕ್ ಆದ. ಓಡಿಹೋಗದ ಹಾಗೆ ಕಾವಲು, ಫ್ರೆಂಚರು ಹತ್ತಿರ ಸುಳಿಯದ ಹಾಗೆ ಕಟ್ಟುಪಾಡು. 1832ರ ಜುಲೈ 22ರಂದು, 21ರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡ. ಅವನ ಮರಣದ ಮುಖವಾಡ ಕೋಣೆಯಲ್ಲಿದೆ, ಪಕ್ಕದಲ್ಲಿ ಅವನು ಸಾಕಿದ್ದ ಜುಟ್ಟಿನ ನೆಲಗುಬ್ಬಿ, ಹುಲ್ಲು ತುಂಬಿಸಿ ಇಟ್ಟದ್ದು.

ಫ್ರಾನ್ಸ್ ಯೋಸೆಫ್ ಹುಟ್ಟಿದ್ದು ಇದೇ ಅರಮನೆಯಲ್ಲಿ, 1830ರ ಆಗಸ್ಟ್ 18ರಂದು. ಸತ್ತದ್ದೂ ಇಲ್ಲೇ, 1916ರ ನವೆಂಬರ್ 21ರ ರಾತ್ರಿ. ಮಹಾಯುದ್ಧದ ನಡುವೆ, ಎದೆಯಲ್ಲಿ ಕಫ ಕಟ್ಟಿ ಜ್ವರವಿದ್ದರೂ ಆ ಸಂಜೆಯವರೆಗೂ ಕಾಗದಗಳಿಗೆ ರುಜು ಹಾಕಿದ. ಹಾಸಿಗೆಗೆ ಒಯ್ದಾಗ ಊಳಿಗದ ಕೆಟರ್ಲ್‌ಗೆ ಹೇಳಿದ್ದು: ನಾಳೆ ಮೂರೂವರೆಗೆ ಎಬ್ಬಿಸು, ಕೆಲಸ ಮುಗಿದಿಲ್ಲ. ಆ ಮಂಚವೂ ಕಬ್ಬಿಣದ್ದೇ. ಗೋಡೆಯ ಮೇಲೆ ಅದೇ ಹಾಸಿಗೆಯಲ್ಲಿ ಅವನ ಹೆಣದ ಚಿತ್ರ. ಯುದ್ಧ ಹಚ್ಚಿದ ಕೈಯೂ ಅದೇ ಎಂಬುದನ್ನು ನಾನು ಮರೆತಿರಲಿಲ್ಲ. ಆದರೂ ಬಾಕಿ ಕಡತದ ಚಿಂತೆಯಲ್ಲಿ ಕಣ್ಣುಮುಚ್ಚಿದ ಮನುಷ್ಯನನ್ನು ಪೂರ್ತಿ ಬೈಯುವುದಕ್ಕೆ ನನ್ನಿಂದಾಗದು.

ಹಿಂಬದಿಯ ಹೀಟ್‌ಸಿಂಗ್ ಬಡಾವಣೆಯಲ್ಲಿ ನಟಿ ಕಥರೀನಾ ಶ್ರಾಟ್‌ಳ ಮನೆಯಿದೆ. ಹೆಂಡತಿ ದೇಶ ತಿರುಗುತ್ತಿದ್ದ ವರ್ಷಗಳಲ್ಲಿ ಚಕ್ರವರ್ತಿ ಬೆಳಿಗ್ಗೆ ನಡೆದುಕೊಂಡು ಅಲ್ಲಿಗೆ ಹೋಗಿ ಕಾಫಿ ಕುಡಿದು, ಗುಗೆಲ್‌ಹುಪ್ಫ್ ಎಂಬ ಕೇಕು ತಿಂದು, ಊರಿನ ಸುದ್ದಿ ಕೇಳಿಕೊಂಡು ಬರುತ್ತಿದ್ದ. ಈ ಸ್ನೇಹವನ್ನು ಬೆಳೆಸಿದವಳು ಸ್ವತಃ ಸಿಸಿ: 1886ರಲ್ಲಿ ಶ್ರಾಟ್‌ಳ ಚಿತ್ರ ಬರೆಸಿ ಗಂಡನಿಗೆ ಉಡುಗೊರೆ ಕೊಟ್ಟಳು. ನನ್ನಾಕೆಗೆ ಇದು ಬಹಳ ಹಿಡಿಸಿತು. “ಜಾಣೆ” ಎಂದಳು, ಅಷ್ಟೇ.

ಬುಧವಾರ, ಸಮಾಧಿಗಳು

ಮಳೆ. ಹೊಸ ಮಾರುಕಟ್ಟೆ ಚೌಕದ ಪಕ್ಕ ಕಾಪುಚಿನ್ ಸನ್ಯಾಸಿಗಳ ಸಾದಾ ಚರ್ಚು. ಅದರ ನೆಲಮಾಳಿಗೆಯಲ್ಲಿ ಈ ಚಕ್ರವರ್ತಿಗಳ ಹಾಬ್ಸ್‌ಬರ್ಗ್ ಮನೆತನದ ನೂರೈವತ್ತರಷ್ಟು ಜನ ಲೋಹದ ಪೆಟ್ಟಿಗೆಗಳಲ್ಲಿ ಮಲಗಿದ್ದಾರೆ. ಮರಿಯಾ ತೆರೇಸಾಳ ಪೆಟ್ಟಿಗೆ ನಮ್ಮೂರಿನ ಅಡುಗೆಮನೆಗಿಂತ ದೊಡ್ಡದು, ಮೇಲೆ ಅವಳೂ ಗಂಡನೂ ನಿದ್ದೆಯಿಂದ ಎದ್ದು ಮಾತಿಗೆ ಕೂತ ಹಾಗೆ ಎರಕ. ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಈ ಚಿತ್ತಾರವೆಲ್ಲ ಮಾಯ, ಬರಿಯ ಪೆಟ್ಟಿಗೆ. ಒಂದು ಕಡೆ ಮೆಕ್ಸಿಕೋದ ಚಕ್ರವರ್ತಿಯಾಗಲು ಹೋಗಿ 1867ರ ಜೂನ್ 19ರಂದು ಕೆರೆತಾರೊದಲ್ಲಿ ಗುಂಡಿಗೆ ಬಲಿಯಾದ, ಫ್ರಾನ್ಸ್ ಯೋಸೆಫ್‌ನ ತಮ್ಮ ಮಾಕ್ಸಿಮಿಲಿಯನ್. ಅವನನ್ನು 1864ರಲ್ಲಿ ಒಯ್ದದ್ದು ‘ನೊವಾರಾ’ ಎಂಬ ನೌಕೆ, ಹೆಣವನ್ನು ತಂದದ್ದೂ ಅದೇ. ಅದಕ್ಕೂ ಮೊದಲು, ಲೋಕ ಸುತ್ತಿದ ವೈಜ್ಞಾನಿಕ ಯಾತ್ರೆಯಲ್ಲಿ, 1858ರಲ್ಲಿ ಅದು ಮದರಾಸಿಗೂ ನಿಕೋಬಾರಿಗೂ ಬಂದಿತ್ತು.

ಇನ್ನೊಂದು ಕೋಣೆಯಲ್ಲಿ ಮೂರು: ನಡುವೆ ಎತ್ತರದಲ್ಲಿ ಫ್ರಾನ್ಸ್ ಯೋಸೆಫ್, ಒಂದು ಪಕ್ಕಕ್ಕೆ ಸಿಸಿ, ಇನ್ನೊಂದಕ್ಕೆ ಮಗ ರುಡೋಲ್ಫ್. ಸಿಸಿಯ ಬಳಿ ಹೂವು, ಹಂಗೇರಿಯ ಬಾವುಟದ ಬಣ್ಣದ ರಿಬ್ಬನ್ನು. 1898ರ ಸೆಪ್ಟೆಂಬರ್ 10ರಂದು ಜಿನೀವಾದಲ್ಲಿ ಹೋಟೆಲಿನಿಂದ ಹಡಗಿಗೆ ನಡೆದು ಹೋಗುವಾಗ ಲುಕೇನಿ ಎಂಬ ಇಟಲಿಯವನು ಚೂಪು ಮಾಡಿದ ಅರದಿಂದ ಎದೆಗೆ ತಿವಿದ. ಬಿದ್ದವಳು ಎದ್ದು, ನಡೆದು, ಹಡಗು ಹತ್ತಿದಳು. ಆಮೇಲೆ ಪ್ರಜ್ಞೆ ತಪ್ಪಿತು. ಬಿಗಿದ ಕುಪ್ಪಸದೊಳಗೆ ಗಾಯ ಎಷ್ಟು ಸಣ್ಣದಿತ್ತೆಂದರೆ ತಿವಿತವೆಂದು ಯಾರಿಗೂ ಮೊದಲು ತಿಳಿಯಲಿಲ್ಲ.

ಇಲ್ಲಿ ಇಲ್ಲದ ಒಬ್ಬರ ಬಗ್ಗೆಯೂ ಹೇಳಬೇಕು, ಆಸ್ಥಾನವೆಂದರೆ ಏನೆಂದು ನನಗೆ ತಿಳಿದದ್ದು ಅದರಿಂದ. ವಿಯೆನ್ನಾದ ಆಸ್ಥಾನದಲ್ಲಿ ಹಕ್ಕಿನಿಂದ ಕಾಲಿಡಲು ನಾಲ್ಕು ತಲೆಮಾರಿನ ಹಿಂದಿನ 16 ಹಿರಿಯರೂ ಕುಲೀನರಾಗಿರಬೇಕಿತ್ತು. ಚಕ್ರವರ್ತಿಯ ಮನೆಗೆ ಸೊಸೆಯಾಗಬೇಕಾದರೆ ಅದೂ ಸಾಲದು, ಆಳುವ ಅಥವಾ ಆಳಿದ ಮನೆತನವೇ ಆಗಬೇಕು. ರುಡೋಲ್ಫ್ ಹೋದ ಮೇಲೆ ವಾರಸುದಾರನಾದ, ಚಕ್ರವರ್ತಿಯ ತಮ್ಮನ ಮಗ ಫ್ರಾನ್ಸ್ ಫರ್ಡಿನಾಂಡ್ ಸೋಫೀ ಖೋಟೆಕ್‌ಳನ್ನು ಮೆಚ್ಚಿದ. ಬೊಹೀಮಿಯಾದ ಹಳೆಯ ಕುಲೀನ ಮನೆತನದವಳು, ಆದರೂ ಅಂತಸ್ತು ಸಾಲದು. ಹುಟ್ಟುವ ಮಕ್ಕಳಿಗೆ ಪಟ್ಟದ ಹಕ್ಕಿಲ್ಲವೆಂದು 1900ರ ಜೂನ್ 28ರಂದು ಹೋಫ್‌ಬುರ್ಗ್‌ನಲ್ಲಿ ಅವನು ಪ್ರಮಾಣ ಮಾಡಿ, ಆಮೇಲೆ ಮದುವೆಯಾದ. ಮೆರವಣಿಗೆಯಲ್ಲಿ ಗಂಡನ ಪಕ್ಕ ಅವಳಿಗೆ ಜಾಗವಿಲ್ಲ. ಹುಡುಗಿಯರಾದ ರಾಜಕುಮಾರಿಯರೆಲ್ಲ ಹೋದ ಮೇಲೆ ಅವಳು. 1914ರ ಅದೇ ಜೂನ್ 28ರಂದು ಸರಾಯೇವೊದಲ್ಲಿ ಇಬ್ಬರೂ ಗುಂಡಿಗೆ ಬಿದ್ದರು. ವಿಯೆನ್ನಾಕ್ಕೆ ತಂದ ಹೆಣಗಳಲ್ಲಿ ಅವಳ ಪೆಟ್ಟಿಗೆಯನ್ನು ಗಂಡನದಕ್ಕಿಂತ ಕೆಳಗಿಟ್ಟರು. ಈ ಕಾಪುಚಿನ್ ಮಾಳಿಗೆಗೆ ಅವಳಿಗೆ ಪ್ರವೇಶವಿಲ್ಲವೆಂದು ಮೊದಲೇ ತಿಳಿದಿದ್ದ ಗಂಡ ಆರ್ಟ್‌ಷ್ಟೆಟನ್‌ನ ತನ್ನ ಕೋಟೆಮನೆಯಲ್ಲಿ ಸಮಾಧಿ ಕಟ್ಟಿಸಿಟ್ಟಿದ್ದ. ಅಲ್ಲಿ ಇಬ್ಬರೂ ಜೊತೆಗಿದ್ದಾರೆ.

ಈ ಕಟ್ಟುಪಾಡನ್ನು ಕಟ್ಟುನಿಟ್ಟಾಗಿ ನಡೆಸಿದ ಆಸ್ಥಾನದ ಹಿರಿಯ ಅಧಿಕಾರಿ ಮೊಂಟೆನುವೊವೊ ಯಾರು ಗೊತ್ತೇ? ನೆಪೋಲಿಯನ್ನನ ಹೆಂಡತಿಯಾಗಿದ್ದ ಮರಿ ಲೂಯಿಸ ಆಮೇಲೆ ನೈಪರ್ಗ್ ಎಂಬ ಕೌಂಟ್‌ನನ್ನು ಕಟ್ಟಿಕೊಂಡಳಲ್ಲ, ಆ ಅಂತಸ್ತು ಸಾಲದ ಸಂಬಂಧದ ಮೊಮ್ಮಗ! ನಿಯಮ ಕಾಯುವವರಲ್ಲಿ ಅತಿ ಬಿಗಿಯವರು ಇಂಥವರೇ. ಕಚೇರಿಯಲ್ಲಿ ನೋಡಿದ್ದೇನೆ.

ಗುರುವಾರ, ಮಾಯರ್ಲಿಂಗ್

ಬಾಡೆನ್ ಊರಿನಿಂದ ಬಸ್ಸು. ವಿಯೆನ್ನಾ ಕಾಡಿನ ತಪ್ಪಲು, ಬೀಚ್ ಮರಗಳು. ಮಗಳು ಚಿತ್ರಾನ್ನ ಕಟ್ಟಿಕೊಟ್ಟಿದ್ದಳು, ಬಸ್ ನಿಲ್ದಾಣದಲ್ಲೇ ಮುಗಿಸಿದೆವು.

ರುಡೋಲ್ಫ್‌ನ ಬೇಟೆಮನೆ ಇದ್ದದ್ದು ಇಲ್ಲಿ. ಅವನು ಆರು ವರ್ಷದವನಿದ್ದಾಗ ಸೈನಿಕನನ್ನಾಗಿ ಗಟ್ಟಿಮಾಡಲು ನೇಮಿಸಿದ್ದ ಗೊಂಡ್ರೆಕೂರ್ ಎಂಬ ಅಧಿಕಾರಿ ಮಲಗಿದ್ದ ಮಗುವನ್ನು ಪಿಸ್ತೂಲು ಹಾರಿಸಿ ಎಬ್ಬಿಸುತ್ತಿದ್ದನಂತೆ. 1865ರ ಆಗಸ್ಟ್‌ನಲ್ಲಿ ಸಿಸಿ ಗಂಡನಿಗೆ ಕಾಗದ ಬರೆದಳು: ಮಕ್ಕಳ ವಿಷಯದಲ್ಲಿ, ತಾನು ಎಲ್ಲಿರಬೇಕೆಂಬ ವಿಷಯದಲ್ಲಿ ತೀರ್ಮಾನ ತನ್ನದು. ಅಧಿಕಾರಿ ಹೋದ, ಉದಾರ ಮನಸ್ಸಿನ ಲಾಟೂರ್ ಬಂದ. ಹುಡುಗ ಚುರುಕಾಗಿ ಬೆಳೆದ, ಪಕ್ಷಿಶಾಸ್ತ್ರ ಓದಿದ, ಹೆಸರಿಲ್ಲದೆ ಪತ್ರಿಕೆಗಳಿಗೆ ಬರೆದ. ತಂದೆ ಮಾತ್ರ ಅವನಿಗೆ ರಾಜ್ಯದ ಒಂದು ಗಟ್ಟಿ ಕೆಲಸ ಕೊಡಲಿಲ್ಲ. ಎಲ್ಲವನ್ನೂ ತಾನೇ ನೋಡಬೇಕೆನ್ನುವವರ ಕೈಕೆಳಗಿದ್ದವರಿಗೆ ಆ ಖಾಲಿ ಕುರ್ಚಿಯ ಕಷ್ಟ ಗೊತ್ತು.

1889ರ ಜನವರಿ 30ರ ಬೆಳಿಗ್ಗೆ ಊಳಿಗದ ಲೋಷೆಕ್ ಬಾಗಿಲು ಒಡೆದಾಗ ಒಳಗೆ ಎರಡು ಹೆಣ: 30 ವರ್ಷದ ರಾಜಕುಮಾರ, 17 ವರ್ಷದ ಮೇರಿ ವೆಟ್ಸೆರಾ. ಮೊದಲು ಹೃದಯ ನಿಂತಿತೆಂದು ಪ್ರಕಟಿಸಿದರು, ಆಮೇಲೆ ಬುದ್ಧಿಭ್ರಮಣೆಯಲ್ಲಿ ಗುಂಡು ಹಾರಿಸಿಕೊಂಡನೆಂದರು. ಚರ್ಚಿನ ವಿಧಿಯಲ್ಲಿ ಮಣ್ಣು ಮಾಡಲು ಅಷ್ಟು ಬೇಕಿತ್ತು. ಹುಡುಗಿಯ ಹೆಸರನ್ನೇ ಎತ್ತಲಿಲ್ಲ. ರಾತ್ರಿ ಅವಳ ಹೆಣಕ್ಕೆ ಕೋಟು ತೊಡಿಸಿ, ಇಬ್ಬರು ಬಂಧುಗಳ ನಡುವೆ ಗಾಡಿಯಲ್ಲಿ ಕೂರಿಸಿ, ಹತ್ತಿರದ ಹೈಲಿಗೆನ್‌ಕ್ರಾಯ್ಟ್ಸ್ ಮಠದ ಸ್ಮಶಾನಕ್ಕೆ ಒಯ್ದರು.

ಮಗ ಸತ್ತ ಮನೆಯನ್ನು ಚಕ್ರವರ್ತಿ ಕಾರ್ಮೆಲ್ ಸನ್ಯಾಸಿನಿಯರಿಗೆ ಬಿಟ್ಟುಕೊಟ್ಟ. ಮಲಗುವ ಕೋಣೆಯಿದ್ದ ಜಾಗದಲ್ಲಿ ಈಗ ಚರ್ಚಿನ ಪೀಠ. ಕಥೆಗಳಿಗೆ ಬರವಿಲ್ಲ: ಕೊಲೆ, ಪಿತೂರಿ, ಫ್ರೆಂಚರು. 2015ರಲ್ಲಿ ವಿಯೆನ್ನಾದ ಒಂದು ಬ್ಯಾಂಕಿನ ತಿಜೋರಿಯಲ್ಲಿ ಮೇರಿ ತಾಯಿಗೂ ಒಡಹುಟ್ಟಿದವರಿಗೂ ಬರೆದಿದ್ದ ಕೊನೆಯ ಕಾಗದಗಳು ಸಿಕ್ಕವು. ಸಾಯುವ ನಿರ್ಧಾರ ಅವಳದೂ ಆಗಿತ್ತೆಂದು ಅದರಿಂದ ಸ್ಪಷ್ಟ. ಆದರೂ 17ರ ಹುಡುಗಿಗೆ 30ರವನು ಇಂಥ ‘ನಿರ್ಧಾರ’ ಮಾಡಿಸಿದ್ದನ್ನು ಪ್ರೇಮಕಥೆಯೆಂದು ಮಾರುವುದು ನನಗೆ ಸಹಿಸದು. ನನ್ನಾಕೆಯೂ ಇದರಲ್ಲಿ ನನ್ನ ಪಕ್ಷ.

ಶುಕ್ರವಾರ, ಬಾಡ್ ಇಶ್ಲ್

ಬೆಳಿಗ್ಗೆ ಬೇಗ ಹೊರಟು ಆಟ್‌ನಾಂಗ್-ಪುಖ್‌ಹೈಮ್‌ನಲ್ಲಿ ರೈಲು ಬದಲಿಸಿದೆವು. ಟ್ರೌನ್‌ಸೀ ಸರೋವರದ ಅಂಚಿನಲ್ಲೇ ಹಳಿ, ಕಿಟಕಿಯಿಂದ ಬೆಟ್ಟ ನೇರ ನೀರಿಗೆ ಇಳಿದಿರುವುದು ಕಾಣುತ್ತದೆ. ಈ ಊರಿಗೆ ಆಸ್ಥಾನ ಬಂದದ್ದು ಉಪ್ಪಿನಿಂದ. ಚಕ್ರವರ್ತಿಯ ತಾಯಿ ಸೋಫೀಗೆ ಮಕ್ಕಳಾಗಲಿಲ್ಲ. ವೈದ್ಯರು ಇಲ್ಲಿನ ಉಪ್ಪುನೀರಿನ ಸ್ನಾನ ಹೇಳಿದರು. ಆಮೇಲೆ ಸಾಲಾಗಿ ಗಂಡುಮಕ್ಕಳು. ‘ಉಪ್ಪಿನ ರಾಜಕುಮಾರರು’ ಎಂದು ಜನ ಕರೆದರು.

1853ರ ಆಗಸ್ಟ್‌ನಲ್ಲಿ ಸೋಫೀ ತನ್ನ ತಂಗಿ ಲುಡೋವಿಕಾಳನ್ನು ಬವೇರಿಯಾದಿಂದ ಇಲ್ಲಿಗೆ ಕರೆಸಿದಳು. ತಂಗಿಯ ಹಿರಿ ಮಗಳು ಹೆಲೆನೆಯನ್ನು ಮಗನಿಗೆ ತರುವುದೆಂದು ಮಾತು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳು ಅಣ್ಣ-ತಂಗಿ, ಮದುವೆಯ ಮಾತೇ ಬಾರದು. ಅಲ್ಲಿ ಅದಕ್ಕೆ ಪೋಪನ ಅಪ್ಪಣೆ ತರಿಸಿದರೆ ಸಾಕು. ಸುಮ್ಮನೆ ಜೊತೆಗೆ ಬಂದಿದ್ದ 15 ವರ್ಷದ ತಂಗಿ ಎಲಿಜಬೆತ್‌ಳ ಮೇಲೆ 23ರ ಚಕ್ರವರ್ತಿಯ ಕಣ್ಣು ನಿಂತುಬಿಟ್ಟಿತು. ಆಗಸ್ಟ್ 19ಕ್ಕೆ ನಿಶ್ಚಿತಾರ್ಥ. ಮರುವರ್ಷ ಏಪ್ರಿಲ್ 24ಕ್ಕೆ ಮದುವೆ. ತಾಯಿಯ ಮಾತನ್ನು ಆ ಕಾಲದಲ್ಲಿ ಅವನು ಮೀರಿದ ಅಪರೂಪದ ಸಂದರ್ಭವಿದು. ಸೋಫೀ ತಕರಾರು ಮಾಡದೆ ಮದುವೆಗೆಂದು ಈ ‘ಕೈಸರ್‌ವಿಲ್ಲಾ’ವನ್ನೇ ಕೊಟ್ಟಳು. ಹುಟ್ಟಿದ ಮಕ್ಕಳನ್ನು ಸೊಸೆಯ ಕೈಗೆ ಕೊಡಲಿಲ್ಲ, ಅದು ಬೇರೆ.

ವಿಲ್ಲಾ ಇಂದಿಗೂ ಮನೆತನದವರದೇ. ಮಾರ್ಗದರ್ಶಿಯ ಜೊತೆಯಲ್ಲೇ ಒಳಗೆ ಬಿಡುತ್ತಾರೆ. ಮೆಟ್ಟಿಲು, ಹಜಾರ, ಎಲ್ಲೆಲ್ಲೂ ಬೇಟೆಯ ಕೊಂಬುಗಳು, ಒಂದೊಂದರ ಕೆಳಗೂ ಚೀಟಿ. ದಿನಾಂಕ ಬರೆದು ಲೆಕ್ಕವಿಟ್ಟದ್ದು ನೋಡಿ ನನಗೆ ನಗು ಬಂತು. ನನ್ನಾಕೆಗೆ ಬರಲಿಲ್ಲ, ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಒಂದು ಸಾಧಾರಣ ಬರೆಯುವ ಮೇಜು. 1914ರ ಜುಲೈ 28ರಂದು ಸರ್ಬಿಯಾದ ಮೇಲಿನ ಯುದ್ಧಘೋಷಣೆಗೆ ಅವನು ರುಜು ಹಾಕಿದ್ದು ಇದರ ಮೇಲೆ. ‘ನನ್ನ ಜನಾಂಗಗಳಿಗೆ’ ಎಂಬ ಹೇಳಿಕೆಯ ಪ್ರತಿಯೂ ಇದೆ. ಕಾಗದದ ಮೂಲಕವೇ ದೇಶವನ್ನು ನೋಡಿದವನು ಅದನ್ನು ಮುಗಿಸಿದ್ದೂ ಕಾಗದದಿಂದ. ಸೇನಾಪತಿಗಳು, ಮಂತ್ರಿಗಳು ತಿದ್ದಿ ಸಿದ್ಧಪಡಿಸಿ ತಂದ ಕರಡು ಅದು. ಓದಿ, ರುಜು ಹಾಕಿ, ಮಸಿ ಒತ್ತಿ ವಾಪಸು ಕೊಟ್ಟ. ನನ್ನ ಮಮತೆ ಅಲ್ಲಿ ಸ್ವಲ್ಪ ಸಡಿಲವಾಯಿತು. ಕೆಳಗಿನವರು ಮಂಡಿಸಿದ್ದಕ್ಕೆ ಮೇಲಿನವನು ಸಹಿ ಹಾಕಿದ ಎಂಬ ಸಮಜಾಯಿಷಿ ಜಮೀನಿನ ಖಾತೆಗೆ ನಡೆಯುತ್ತದೆ, ಇದಕ್ಕೆ ನಡೆಯದು.

ವಾಪಸಾಗುವ ಮೊದಲು 1832ರಿಂದ ಇರುವ ಝೌನರ್ ಮಿಠಾಯಿ ಅಂಗಡಿಯಲ್ಲಿ ಕಾಫಿ. ಕೇಕು ನನಗೆ, ಮೊಟ್ಟೆ ತಿನ್ನದ ನನ್ನಾಕೆಗೆ ಬಾಳೆಹಣ್ಣು.

ಶನಿವಾರ, ಗೊದೊಲ್ಲೋ

ರೈಲಿನಲ್ಲಿ ಬುಡಾಪೆಸ್ಟ್, ಅಲ್ಲಿಂದ ಉಪನಗರ ರೈಲು. 1866ರಲ್ಲಿ ಪ್ರಷ್ಯದ ಕೈಯಲ್ಲಿ ಕೋನಿಗ್‌ಗ್ರೇಟ್ಸ್ ಕದನ ಸೋತ ಮೇಲೆ ಫ್ರಾನ್ಸ್ ಯೋಸೆಫ್ ಹಂಗೇರಿಯ ಜೊತೆ ರಾಜಿ ಮಾಡಿಕೊಳ್ಳಲೇಬೇಕಾಯಿತು. 1849ರಲ್ಲಿ ರಷ್ಯದ ಸೈನ್ಯ ಕರೆಸಿ ತುಳಿದಿದ್ದ ನಾಡು ಅದು. ಈಗ ಎರಡು ಸರ್ಕಾರ, ಒಬ್ಬನೇ ದೊರೆ: ವಿಯೆನ್ನಾದಲ್ಲಿ ಚಕ್ರವರ್ತಿ, ಬುಡಾದಲ್ಲಿ ರಾಜ. 1867ರ ಜೂನ್ 8ರಂದು ಮಥಿಯಾಸ್ ಚರ್ಚಿನಲ್ಲಿ ಪಟ್ಟಾಭಿಷೇಕ, ಸಂಗೀತ ಲಿಸ್ಟ್‌ನದು. ನಾಡಿನ ಎಲ್ಲ ಜಿಲ್ಲೆಗಳ ಮಣ್ಣು ತಂದು ಮಾಡಿದ ದಿಬ್ಬದ ಮೇಲೆ ಹೊಸ ರಾಜ ಕುದುರೆಯೇರಿ ಹೋಗಿ ನಾಲ್ಕು ದಿಕ್ಕಿಗೂ ಕತ್ತಿ ಬೀಸಿದ. ಕಿರೀಟ ಹೊತ್ತುತಂದ ಆಂದ್ರಾಶಿ, 1848ರ ದಂಗೆಗಾಗಿ ಇದೇ ದೊರೆಯ ಆಡಳಿತದಲ್ಲಿ ಮರಣದಂಡನೆಗೆ ಗುರಿಯಾಗಿ, ದೇಶಬಿಟ್ಟು ಉಳಿದುಕೊಂಡಿದ್ದವನು.

ಈ ರಾಜಿಗಾಗಿ ಒತ್ತಾಯಿಸಿದವರಲ್ಲಿ ಸಿಸಿ ಮುಂದಿದ್ದಳು. ಅವಳು ರಾಜಕೀಯಕ್ಕೆ ಕೈಹಾಕಿದ್ದು ಅದೊಂದೇ ಸಲ ಎನ್ನಬೇಕು, ಹಾಕಿದ್ದು ಗೆದ್ದಿತು. ಹಂಗೇರಿಯವರು ಗೊದೊಲ್ಲೋ ಅರಮನೆಯನ್ನು ಉಡುಗೊರೆ ಕೊಟ್ಟರು. ಸಣ್ಣದು, ಚೊಕ್ಕಟ, ಅವಳ ಕೋಣೆಗಳೆಲ್ಲ ನೇರಳೆ ಬಣ್ಣ. ವಿಯೆನ್ನಾದ ಹಿರಿ ಹೆಂಗಸರು ಇಲ್ಲಿಲ್ಲ. ಕುದುರೆ, ನಾಯಿ, ಹಂಗೇರಿ ಮಾತಾಡುವ ಗೆಳತಿ ಇಡಾ ಫೆರೆಂಟ್ಸಿ. 1868ರಲ್ಲಿ ಬುಡಾದಲ್ಲಿ ಹುಟ್ಟಿದ ಕೊನೆಯ ಮಗಳು ಮರಿ ವಾಲೆರಿಯನ್ನು ಮಾತ್ರ ಅತ್ತೆಯ ಕೈಗೆ ಕೊಡದೆ ತಾನೇ ಸಾಕಿದಳು. ನನ್ನಾಕೆ ಇಲ್ಲಿ ಆರಾಮಾಗಿ ಅಡ್ಡಾಡಿದಳು. ಎರಡನೆಯ ಮಹಾಯುದ್ಧದ ನಂತರ ಇದು ಸೋವಿಯತ್ ಸೈನಿಕರ ಬಿಡಾರವಾಗಿ, ವೃದ್ಧಾಶ್ರಮವಾಗಿ ಹಾಳುಬಿದ್ದಿತ್ತು. ದುರಸ್ತಿಯಾಗಿ ತೆರೆದದ್ದು 1990ರ ದಶಕದಲ್ಲಿ.

ಬುಡಾಪೆಸ್ಟಿಗೆ ಮರಳಿ ಸಂಜೆ ಡ್ಯಾನ್ಯೂಬ್ ದಾಟಿದ್ದು ಎಲಿಜಬೆತ್ ಸೇತುವೆಯ ಮೇಲೆ. 1903ರಲ್ಲಿ ಕಟ್ಟಿ ಅವಳ ಹೆಸರಿಟ್ಟದ್ದು. 1945ರ ಜನವರಿಯಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ನರು ಸ್ಫೋಟಿಸಿದರು. ಹೊಸದು ತೆರೆದದ್ದು 1964ರಲ್ಲಿ, ಕಮ್ಯುನಿಸ್ಟ್ ಸರ್ಕಾರದ ಕಾಲ. ಬೀದಿಗಳಿಗೆಲ್ಲ ಲೆನಿನ್, ಮಾರ್ಕ್ಸ್ ಹೆಸರು ಬಂದಿದ್ದ ಆ ದಿನಗಳಲ್ಲೂ ಸೇತುವೆಗೆ ರಾಣಿಯ ಹೆಸರನ್ನೇ ಉಳಿಸಿದರು. ಪೆಸ್ಟ್ ದಡದಲ್ಲಿ ಬಸ್ಸಿಳಿದು ಮಸಾಲೆ ಹಾಕಿದ ಆಲೂಗಡ್ಡೆ ಪಲ್ಯ ಸಿಗುವ ಹೋಟೆಲು ಹುಡುಕಿಕೊಂಡು ಹೊರಟೆವು.